ಮೂಗಿನ ಸುತ್ತಲಿನ ಗಾಳಿಗೂಡುಗಳು: ಒಂದು ಚಿಕಿತ್ಸೆಯ ಚರಿತ್ರೆ

ಸಾಹಿತ್ಯ ಸಮ್ಮೇಳನದ ಸ್ಮರಣಸಂಚಿಕೆಗೆ ಮೂಗಿನ ಕುರಿತಾದ ಲೇಖನವೇ ಎಂದು ಓದುಗರು ಮೂಗಿನ ಮೇಲೆ ಬೆರಳಿಟ್ಟುಕೊಂಡರೆ ಆಶ್ಚರ್ಯವಿಲ್ಲ. ಆದರೆ ಕನ್ನಡಕ್ಕೂ ಮೂಗಿಗೂ ಇರುವ ನಂಟು ಸಣ್ಣದಲ್ಲ. ಸಿಟ್ಟು ಮೂಗಿನ ತುದಿಯಲ್ಲಿರುತ್ತದೆ. ಬೇಡದ ಕಡೆಗೆಲ್ಲ ಮೂಗು ತೂರಿಸುವವರಿರುತ್ತಾರೆ. ಮೂಗಿಗಿಂತ ಮೂಗುತಿ ಭಾರವಾಗುತ್ತದೆ. ನೆಗಡಿಯಾಯಿತೆಂದು ಯಾರಾದರೂ ಮೂಗು ಕೊಯ್ದುಕೊಳ್ಳುತ್ತಾರೆಯೇ ಎಂದು ನಮ್ಮ ಹಿರಿಯರು ಕೇಳುತ್ತಿದ್ದರು. ಈ ಕೊನೆಯ ಮಾತನ್ನು ವೈದ್ಯರು ಅಕ್ಷರಶಃ ಅರ್ಥಮಾಡಿಕೊಳ್ಳಲು ಬಹಳ ಕಾಲ ಹಿಡಿಯಿತು. ನೆಗಡಿ ಬಲಿತು ಒಳಗಿನ ಗೂಡುಗಳಲ್ಲಿ ಕೀವು ತುಂಬಿದಾಗ ಎಲುಬನ್ನೂ ಪೊರೆಯನ್ನೂ ಕಿತ್ತೆಸೆಯುವುದೇ ಮದ್ದೆಂದು ಅವರು ನಂಬಿದ್ದ ಕಾಲವೊಂದಿತ್ತು. ಕೀಳುವುದಲ್ಲ, ದಾರಿ ಬಿಡಿಸುವುದು ಮದ್ದು ಎಂಬ ಅರಿವು ಮೂಡಿದ್ದು ತೀರಾ ಈಚೆಗೆ. ಆ ಅರಿವಿನ ಕಥೆಯೇ ಈ ಲೇಖನದ ವಸ್ತು.

ಇದನ್ನು ಬರೆಯಲು ಇನ್ನೊಂದು ಕಾರಣವೂ ಉಂಟು. ಗಡಿನಾಡಿನ ನಮ್ಮ ಮನೆಗಳಲ್ಲಿ ಇಂದು ‘ಸೈನಸ್’ ಎಂಬ ಮಾತು ಕೇಳದ ಮನೆಯಿಲ್ಲ. ಆದರೆ ಆ ಮಾತಿನಿಂದ ತಿಳಿಯುವುದು ಒಂದು ತಲೆನೋವು ಮಾತ್ರ. ಸೈನಸ್ ಎಂಬುದು ಕಾಯಿಲೆಯ ಹೆಸರಲ್ಲ, ದೇಹದ ಒಂದು ಭಾಗದ ಹೆಸರು ಎಂಬುದನ್ನು ನಮ್ಮ ಪಾಠಪುಸ್ತಕಗಳು ಹೇಳಿದ್ದು ಕಡಿಮೆ. ಕಣ್ಣಿಗೂ ಮಿದುಳಿಗೂ ಒಂದು ಕಾಗದದಷ್ಟು ದೂರದಲ್ಲಿ ನಡೆಯುವ ಶಸ್ತ್ರಚಿಕಿತ್ಸೆಗೆ ಸಹಿ ಹಾಕುವಾಗ, ಏನಕ್ಕೆ ಸಹಿ ಹಾಕುತ್ತಿದ್ದೇವೆ ಎಂಬುದು ನಮ್ಮ ನುಡಿಯಲ್ಲಿಯೇ ನಮಗೆ ಗೊತ್ತಿರಬೇಕಲ್ಲವೇ?

ಗೂಡುಗಳ ಪರಿಚಯ

ಮುಖದ ಎಲುಬುಗಳು ಗಟ್ಟಿ ಕಲ್ಲಿನಂತೆ ತುಂಬಿಕೊಂಡಿಲ್ಲ. ಅವುಗಳ ಒಳಗೆ ಗಾಳಿ ತುಂಬಿದ ಕೋಣೆಗಳಿವೆ. ಇವು ನಾಲ್ಕು ಜೊತೆ. ಕೆನ್ನೆಯೆಲುಬಿನ ಹಿಂದೆ, ಮೇಲ್ದವಡೆಯಲ್ಲಿ ಇರುವುದು ಎಲ್ಲಕ್ಕಿಂತ ದೊಡ್ಡದು. ವಯಸ್ಕರಲ್ಲಿ ಇದರಲ್ಲಿ ಸುಮಾರು 15 ಮಿಲಿಲೀಟರ್ ನೀರು ಹಿಡಿಯಬಲ್ಲದು. ಹುಬ್ಬುಗಳ ಮೇಲೆ ಹಣೆಯ ಗೂಡು. ಎರಡು ಕಣ್ಣುಗಳ ನಡುವೆ ಜೇನುತಟ್ಟಿಯಂತೆ ಸಣ್ಣ ಸಣ್ಣ ಕೋಶಗಳ ಗುಂಪು. ಆ ಎಲುಬಿಗೆ ಗ್ರೀಕರು ಇಟ್ಟ ಹೆಸರಿನ ಅರ್ಥ ‘ಜರಡಿಯಂತಹುದು’. ಇವೆಲ್ಲದರ ಹಿಂದೆ, ತಲೆಬುರುಡೆಯ ನಟ್ಟನಡುವೆ, ಬೆಣೆಯಂತೆ ಸಿಕ್ಕಿಕೊಂಡಿರುವ ಎಲುಬಿನೊಳಗೆ ನಾಲ್ಕನೆಯ ಜೊತೆ. ಅದರ ಗ್ರೀಕ್ ಹೆಸರಿಗೂ ‘ಬೆಣೆಯಂತಹುದು’ ಎಂದೇ ಅರ್ಥ. ಹುಟ್ಟಿದ ಮಗುವಿನಲ್ಲಿ ಕೆನ್ನೆಯ ಗೂಡೂ ಜರಡಿ ಕೋಶಗಳೂ ಸಣ್ಣದಾಗಿ ಇರುತ್ತವೆ. ಹಣೆಯ ಗೂಡು ಆಗ ಇರುವುದೇ ಇಲ್ಲ, ಬಾಲ್ಯದಲ್ಲಿ ಮೂಡಿ ಹರೆಯದವರೆಗೂ ಬೆಳೆಯುತ್ತದೆ.

ಈ ಗೂಡುಗಳ ನೆರೆಹೊರೆಯನ್ನು ಗಮನಿಸಬೇಕು. ಜರಡಿ ಕೋಶಗಳಿಗೂ ಕಣ್ಣುಗುಳಿಗೂ ನಡುವೆ ಇರುವ ಗೋಡೆಗೆ ಶರೀರಶಾಸ್ತ್ರದಲ್ಲಿ ‘ಕಾಗದದ ತಗಡು’ ಎಂದೇ ಹೆಸರು. ಅದರ ಮಾಡಿನ ಮೇಲೆ ಮಿದುಳು ಕುಳಿತಿದೆ. ಬೆಣೆ ಎಲುಬಿನ ಗೂಡಿನ ಪಕ್ಕದಲ್ಲಿಯೇ ದೃಷ್ಟಿನರವೂ ಮಿದುಳಿಗೆ ರಕ್ತವೊಯ್ಯುವ ದೊಡ್ಡ ಧಮನಿಯೂ ಸಾಗುತ್ತವೆ. ಕೆನ್ನೆಯ ಗೂಡಿನ ನೆಲದ ಕೆಳಗೆ ಮೇಲ್ದವಡೆಯ ಹಲ್ಲುಗಳ ಬೇರುಗಳಿವೆ. ದವಡೆ ಹಲ್ಲಿನ ಹುಳುಕು ಕೆಲವೊಮ್ಮೆ ಕೆನ್ನೆಯ ಗೂಡಿನ ಕೀವಾಗುವುದು ಇದರಿಂದ.

ಪ್ರತಿಯೊಂದು ಗೂಡಿಗೂ ಮೂಗಿನೊಳಕ್ಕೆ ತೆರೆಯುವ ಒಂದು ಸಣ್ಣ ಬಾಯಿ ಇದೆ. ಗೂಡಿನ ಒಳಗೋಡೆಗೆ ತೆಳುವಾದ ಪೊರೆ. ಆ ಪೊರೆಯ ಮೇಲೆ ಕಣ್ಣಿಗೆ ಕಾಣದ ಲೋಮಾಂಗಗಳು. ಇವು ಸೆಕೆಂಡಿಗೆ ಸುಮಾರು ಹತ್ತು ಬಾರಿ ಬೀಸುತ್ತ, ಧೂಳು ಮತ್ತು ರೋಗಾಣುಗಳನ್ನು ಹಿಡಿದ ಲೋಳೆಯನ್ನು ಗೂಡಿನ ಬಾಯಿಯ ಕಡೆಗೆ ತಳ್ಳುತ್ತಲೇ ಇರುತ್ತವೆ. ವಿಚಿತ್ರವೆಂದರೆ ಕೆನ್ನೆಯ ಗೂಡಿನ ಬಾಯಿ ಇರುವುದು ಅದರ ತಳದಲ್ಲಿ ಅಲ್ಲ, ಮೇಲ್ಭಾಗದಲ್ಲಿ. ನಿಂತ ಮನುಷ್ಯನಲ್ಲಿ ಲೋಳೆಯು ಕೆಳಗಿನಿಂದ ಮೇಲಕ್ಕೆ ಏರಿ ಹೊರಬರಬೇಕು. ಈ ಒಂದು ಸಂಗತಿ ಮುಂದೆ ಶಸ್ತ್ರವೈದ್ಯದ ದಿಕ್ಕನ್ನೇ ಬದಲಿಸಿತು.

ಪ್ರಾಚೀನರು ಕಂಡದ್ದು

ಮೂಗಿನ ದಾರಿ ತಲೆಯೊಳಕ್ಕೆ ಹೋಗುತ್ತದೆ ಎಂಬುದನ್ನು ಬಹಳ ಹಿಂದೆಯೇ ಕಂಡುಕೊಂಡವರು ಈಜಿಪ್ಟಿನವರು. ಶವವನ್ನು ಕೆಡದಂತೆ ಕಾಪಾಡುವಾಗ ಅವರು ಮೂಗಿನ ಮೂಲಕ ಕೊಕ್ಕೆ ತೂರಿಸಿ, ತೆಳ್ಳನೆಯ ಜರಡಿ ಎಲುಬನ್ನು ಒಡೆದು, ಮಿದುಳನ್ನು ಹೊರತೆಗೆಯುತ್ತಿದ್ದರು. ಗ್ರೀಕ್ ಇತಿಹಾಸಕಾರ ಹೆರೊಡೋಟಸ್ ಇದನ್ನು ದಾಖಲಿಸಿದ್ದಾನೆ. ಆದರೆ ಇದು ಸತ್ತವರ ಮೇಲಿನ ವಿದ್ಯೆ. ಬದುಕಿರುವವರ ನೆಗಡಿಗೆ ಇದರಿಂದ ಪ್ರಯೋಜನವಾಗಲಿಲ್ಲ.

ನಮ್ಮ ನಾಡಿನಲ್ಲಿ ಸುಶ್ರುತಸಂಹಿತೆಯ ಉತ್ತರತಂತ್ರವು 31 ನಾಸಾರೋಗಗಳನ್ನು ಎಣಿಸಿ ಹೇಳುತ್ತದೆ. ಪ್ರತಿಶ್ಯಾಯ ಎಂದರೆ ನೆಗಡಿ. ಅದರಲ್ಲಿ ಐದು ಬಗೆ. ಉಪೇಕ್ಷಿಸಿದ ನೆಗಡಿ ಕೆಟ್ಟು ‘ದುಷ್ಟ ಪ್ರತಿಶ್ಯಾಯ’ವಾಗುತ್ತದೆ ಎಂಬ ಎಚ್ಚರಿಕೆಯೂ ಅಲ್ಲಿದೆ. ಮೂಗಿನೊಳಗೆ ಬೆಳೆಯುವ ಮಾಂಸದ ಕುಡಿಗೆ ನಾಸಾರ್ಶ ಎಂದು ಹೆಸರು. ನಮ್ಮ ಹಳ್ಳಿಗಳಲ್ಲಿ ಅದನ್ನೇ ‘ದುರ್ಮಾಂಸ’ ಎನ್ನುತ್ತಾರೆ, ಇಂದಿನ ವೈದ್ಯರು ಪಾಲಿಪ್ ಎನ್ನುತ್ತಾರೆ. ಸೂರ್ಯನು ಏರಿದಂತೆ ಏರಿ, ಇಳಿದಂತೆ ಇಳಿಯುವ ತಲೆನೋವನ್ನು ಸುಶ್ರುತ ‘ಸೂರ್ಯಾವರ್ತ’ ಎಂದು ಕರೆದ. ಹಣೆಯ ಗೂಡಿನ ಬಾಯಿ ಕಟ್ಟಿದವರಲ್ಲಿ ಬೆಳಗ್ಗೆ ಆರಂಭವಾಗಿ ನಡುಹಗಲಿಗೆ ಬಲಿತು ಸಂಜೆಗೆ ತಗ್ಗುವ ನೋವನ್ನು ಇಂದಿನ ವೈದ್ಯರೂ ಕಾಣುತ್ತಾರೆ. ಕಾರಣ ತಿಳಿಯದಿದ್ದರೂ ಲಕ್ಷಣವನ್ನು ಗುರುತಿಸಿದ ಸೂಕ್ಷ್ಮದೃಷ್ಟಿ ಅದು. ಗ್ರೀಸಿನ ಹಿಪೊಕ್ರೆಟಿಸನ ಪರಂಪರೆಯವರು ಪಾಲಿಪ್ಪನ್ನು ಕೀಳಲು ಸ್ಪಂಜಿನ ತುಂಡಿಗೆ ದಾರ ಕಟ್ಟಿ, ದಾರವನ್ನು ಮೂಗಿನಿಂದ ಗಂಟಲಿಗೆ ಇಳಿಸಿ ಬಾಯಿಂದ ಎಳೆಯುತ್ತಿದ್ದರು. ರೋಗಿಯ ಪಾಡನ್ನು ಊಹಿಸಿಕೊಳ್ಳಬಹುದು.

ಮೂಗಿನ ಹೊರಭಾಗದ ಶಸ್ತ್ರವಿದ್ಯೆಯಲ್ಲಂತೂ ಭಾರತ ಜಗತ್ತಿಗೇ ಗುರು. ಮೂರನೆಯ ಮೈಸೂರು ಯುದ್ಧದ ಕಾಲದಲ್ಲಿ ಇಂಗ್ಲಿಷ್ ಸೇನೆಯ ಎತ್ತುಗಾಡಿಯ ಆಳು ಕಾವಸ್‌ಜಿ ಎಂಬವನು ಸೆರೆಸಿಕ್ಕು ಮೂಗನ್ನೂ ಒಂದು ಕೈಯನ್ನೂ ಕಳೆದುಕೊಂಡ. ಪುಣೆಯ ಬಳಿಯ ಇಟ್ಟಿಗೆ ಮಾಡುವ ಕುಲದ ಒಬ್ಬಾತ ಅವನ ಹಣೆಯ ಚರ್ಮವನ್ನು ಕೆಳಕ್ಕೆ ತಿರುಗಿಸಿ ಹೊಸ ಮೂಗನ್ನು ಕಟ್ಟಿಕೊಟ್ಟ. 1794ರಲ್ಲಿ ಈ ವರದಿ ಚಿತ್ರಸಹಿತವಾಗಿ ಲಂಡನ್ನಿನ ಪತ್ರಿಕೆಯಲ್ಲಿ ಅಚ್ಚಾಯಿತು. ಅದನ್ನು ಓದಿದ ಕಾರ್ಪ್ಯೂ ಎಂಬ ವೈದ್ಯ 1814ರಲ್ಲಿ ಇಂಗ್ಲೆಂಡಿನಲ್ಲಿ ಅದೇ ಶಸ್ತ್ರಕ್ರಿಯೆ ಮಾಡಿದ. ಹೊರಗಿನ ಮೂಗು ಕಣ್ಣಿಗೆ ಕಾಣುತ್ತದೆ, ಆದುದರಿಂದ ಕೈಗೂ ಎಟಕುತ್ತದೆ. ಒಳಗಿನ ಗೂಡುಗಳದ್ದು ಬೇರೆಯೇ ಕಥೆ: ಅಲ್ಲಿ ಕತ್ತಲೆ.

ಮಿದುಳಿನಿಂದ ಇಳಿಯುವ ಶೀತ

ಯುರೋಪಿನಲ್ಲಿ ಗ್ಯಾಲೆನ್ನನ ಮಾತು ಒಂದೂವರೆ ಸಾವಿರ ವರ್ಷ ನಡೆಯಿತು. ಮಿದುಳಿನ ಕಶ್ಮಲವೇ ಜರಡಿ ಎಲುಬಿನ ರಂಧ್ರಗಳ ಮೂಲಕ ಸೋರಿ ಸಿಂಬಳವಾಗುತ್ತದೆ ಎಂಬುದು ಆ ಮತ. ‘ತಲೆಯಲ್ಲಿ ನೀರು ಇಳಿದಿದೆ’ ಎಂದು ನಮ್ಮ ಕಡೆಯವರು ಇಂದಿಗೂ ಹೇಳುವುದುಂಟು. ಜನರ ಅನುಭವಕ್ಕೆ ಹತ್ತಿರವಾದ ಮಾತು ಅದು, ಶರೀರಶಾಸ್ತ್ರಕ್ಕೆ ಅಲ್ಲ.

1489ರ ಸುಮಾರಿಗೆ ಲಿಯೊನಾರ್ದೊ ದ ವಿಂಚಿ ತಲೆಬುರುಡೆಯನ್ನು ಸೀಳಿ, ಕೆನ್ನೆಯ ಗೂಡನ್ನೂ ಹಣೆಯ ಗೂಡನ್ನೂ ಸ್ಪಷ್ಟವಾಗಿ ಚಿತ್ರಿಸಿದ. ಆದರೆ ಆ ಹಾಳೆಗಳು ಪ್ರಕಟವಾಗದೆ ಶತಮಾನಗಳ ಕಾಲ ಸಂಗ್ರಹದಲ್ಲಿ ಉಳಿದವು. ಬೆಳಕಿಗೆ ಬಾರದ ವಿದ್ಯೆ ಇಲ್ಲದ ವಿದ್ಯೆಗೆ ಸಮಾನವಾಯಿತು. 1543ರಲ್ಲಿ ವೆಸಾಲಿಯಸ್ ತನ್ನ ಮಹಾಗ್ರಂಥದಲ್ಲಿ ಈ ಗೂಡುಗಳನ್ನು ವರ್ಣಿಸಿ, ಅವುಗಳಲ್ಲಿರುವುದು ಗಾಳಿ ಮಾತ್ರ ಎಂದು ಸಾರಿದ.

1651ರಲ್ಲಿ ಇಂಗ್ಲೆಂಡಿನ ನ್ಯಾಥನಿಯಲ್ ಹೈಮೋರ್ ಕೆನ್ನೆಯ ಗೂಡನ್ನು ವಿವರವಾಗಿ ವರ್ಣಿಸಿದ. ಇಂದಿಗೂ ಅದಕ್ಕೆ ಅವನ ಹೆಸರಿದೆ. ಅವನ ಪುಸ್ತಕದಲ್ಲಿ ಬರುವ ಹೆಂಗಸೊಬ್ಬಳ ಪ್ರಸಂಗ ಸ್ವಾರಸ್ಯವಾದುದು. ಮೇಲಿನ ಹಲ್ಲು ಕೀಳಿಸಿಕೊಂಡ ಮೇಲೆ ಆಕೆಗೆ ಆ ಕುಳಿಯಿಂದ ಸ್ರಾವ ನಿಲ್ಲಲಿಲ್ಲ. ಬೆಳ್ಳಿಯ ಕಡ್ಡಿ ತೂರಿಸಿ ನೋಡಿದಳು, ಅದು ಒಳಗೆ ಹೋಯಿತು. ಹಕ್ಕಿಯ ಗರಿ ತೂರಿಸಿದಳು, ಅದೂ ಉದ್ದಕ್ಕೆ ಹೋಯಿತು. ಮಿದುಳಿಗೇ ತಾಗಿತೆಂದು ಹೆದರಿ ವೈದ್ಯನ ಬಳಿಗೆ ಬಂದಳು. ಗರಿ ಹೋದದ್ದು ಮಿದುಳಿಗಲ್ಲ, ಎಲ್ಲರ ಕೆನ್ನೆಯಲ್ಲೂ ಇರುವ ಗೂಡಿಗೆ ಎಂದು ಹೈಮೋರ್ ಅವಳಿಗೆ ವಿವರಿಸಿದ. ವೈದ್ಯನು ರೋಗಿಗೆ ದೇಹದ ಪಾಠ ಹೇಳಿ ಭಯ ನೀಗಿಸಿದ ಈ ಪ್ರಸಂಗವನ್ನು ಮೇಷ್ಟರಾದ ನಾವು ವಿಶೇಷವಾಗಿ ಮೆಚ್ಚುತ್ತೇವೆ.

ಗ್ಯಾಲೆನ್ನನ ಮತಕ್ಕೆ ಕೊನೆಯ ಪೆಟ್ಟು ಕೊಟ್ಟವನು ಜರ್ಮನಿಯ ವಿಟೆನ್‌ಬರ್ಗಿನ ಪ್ರಾಧ್ಯಾಪಕ ಕಾನ್ರಾಡ್ ವಿಕ್ಟರ್ ಶ್ನೈಡರ್. 1660ರಿಂದ ಅವನು ಹೊರತಂದ ದೊಡ್ಡ ಗ್ರಂಥದಲ್ಲಿ, ಸಿಂಬಳ ಹುಟ್ಟುವುದು ಮಿದುಳಿನಲ್ಲಲ್ಲ, ಮೂಗಿನ ಒಳಪೊರೆಯಲ್ಲಿಯೇ ಎಂದು ತೋರಿಸಿಕೊಟ್ಟ. ಆ ಪೊರೆಗೆ ಇಂದಿಗೂ ಶ್ನೈಡರನ ಹೆಸರೇ.

ಗೋಡೆ ಒಡೆದ ಕಾಲ

ಗೂಡು ಇದೆಯೆಂದು ತಿಳಿದ ಮೇಲೆ ಅದರೊಳಗಿನ ಕೀವನ್ನು ಹೊರತೆಗೆಯುವ ಉಪಾಯಗಳು ಹುಟ್ಟಿದವು. ಹದಿನೆಂಟನೆಯ ಶತಮಾನದ ಆರಂಭಕ್ಕೆ ಇಂಗ್ಲೆಂಡಿನ ವಿಲಿಯಂ ಕೌಪರ್ ದವಡೆ ಹಲ್ಲನ್ನು ಕಿತ್ತು ಅದರ ಕುಳಿಯ ಮೂಲಕ ಕೆನ್ನೆಯ ಗೂಡನ್ನು ತೊಳೆಯುವ ಕ್ರಮವನ್ನು ರೂಢಿಗೆ ತಂದ. 1884ರಲ್ಲಿ ಸ್ಕಾಟ್ಲೆಂಡಿನ ಅಲೆಕ್ಸಾಂಡರ್ ಆಗ್‌ಸ್ಟನ್ ಹಣೆಯ ಎಲುಬಿನಲ್ಲಿ ರಂಧ್ರ ಕೊರೆದು ಹಣೆಯ ಗೂಡನ್ನು ಬರಿದುಮಾಡಿದ. ಕೀವಿಗೆ ಕಾರಣವಾಗುವ ಸ್ಟಫಿಲೊಕಾಕಸ್ ಎಂಬ ಸೂಕ್ಷ್ಮಾಣುವಿಗೆ ಆ ಹೆಸರಿಟ್ಟವನೂ ಇವನೇ. 1893ರಲ್ಲಿ ನ್ಯೂಯಾರ್ಕಿನ ಜಾರ್ಜ್ ಕಾಲ್ಡ್‌ವೆಲ್, 1897ರಲ್ಲಿ ಪ್ಯಾರಿಸ್ಸಿನ ಆನ್ರಿ ಲ್ಯೂಕ್, ಒಬ್ಬರಿಗೊಬ್ಬರು ತಿಳಿಯದೆ ಒಂದೇ ದಾರಿ ಹಿಡಿದರು: ಮೇಲ್ದುಟಿಯ ಒಳಗೆ ವಸಡಿನ ಮೇಲೆ ಕೊಯ್ದು, ಕೆನ್ನೆಯ ಗೂಡಿನ ಮುಂಗೋಡೆಯನ್ನು ಒಡೆದು, ಒಳಪೊರೆಯನ್ನೆಲ್ಲ ಕೆರೆದು ತೆಗೆದು, ಮೂಗಿನ ತಳದ ಕಡೆಗೆ ಹೊಸ ಕಿಂಡಿಯೊಂದನ್ನು ತೆರೆಯುವುದು. ‘ಕಾಲ್ಡ್‌ವೆಲ್–ಲ್ಯೂಕ್’ ಎಂಬ ಈ ಜೋಡಿ ಹೆಸರಿನ ಶಸ್ತ್ರಕ್ರಿಯೆಯೇ ಮುಂದಿನ ಎಂಬತ್ತು ವರ್ಷಗಳಿಗೂ ಮಿಕ್ಕಿ ಜಗತ್ತಿನೆಲ್ಲೆಡೆ ನಡೆಯಿತು. ಕೆನ್ನೆ ಜೋಮು ಹಿಡಿಯುವುದು, ಹಲ್ಲು ಮರಗಟ್ಟುವುದು ಇದರ ಬೆನ್ನಿಗೆ ಬರುತ್ತಿದ್ದ ತೊಂದರೆಗಳು. ಹಣೆಯ ಗೂಡಿಗೆ ರೀಡೆಲ್ ಎಂಬವನು ಕಂಡುಹಿಡಿದ ಕ್ರಮ ಇನ್ನೂ ಕಠೋರವಾಗಿತ್ತು. ಅದರಲ್ಲಿ ಹಣೆಯ ಮುಂಗೋಡೆಯನ್ನೇ ತೆಗೆದುಹಾಕುತ್ತಿದ್ದರು. ರೋಗಿ ಬದುಕುತ್ತಿದ್ದ, ಹಣೆಯಲ್ಲಿ ಹಳ್ಳವೊಂದು ಉಳಿಯುತ್ತಿತ್ತು.

ಹಾಗೆಂದು ಆ ಹಿಂದಿನವರನ್ನು ಕ್ರೂರಿಗಳೆನ್ನಲಾಗದು. ಪೆನಿಸಿಲಿನ್ ಇಲ್ಲದ ಕಾಲದಲ್ಲಿ ಹಣೆಯ ಗೂಡಿನ ಕೀವು ಮಿದುಳಿಗೆ ಏರಿದರೆ ಸಾವೇ ಗತಿ. ಅವರು ಪ್ರಾಣ ಉಳಿಸಲು ಮುಖವನ್ನು ಒತ್ತೆಯಿಟ್ಟರು. ಮೂಗಿನ ಒಳಗಿನಿಂದಲೇ ಜರಡಿ ಕೋಶಗಳನ್ನು ತೆರವು ಮಾಡುವ ಕ್ರಮವನ್ನು ಅಮೆರಿಕದ ಬಾಸ್ಟನ್ನಿನ ಹ್ಯಾರಿಸ್ ಮೋಷರ್ 1912ರಲ್ಲಿ ವಿವರಿಸಿದ. ಆದರೆ ಕಣ್ಣಿಗೆ ಕಾಣದ ಕಡೆ ಸಲಕರಣೆ ಆಡಿಸುವುದು ಎಷ್ಟು ಅಪಾಯಕಾರಿ ಎಂಬುದು ಅನುಭವದಿಂದ ತಿಳಿದ ಮೇಲೆ, ರೋಗಿಯನ್ನು ಕೊಲ್ಲಲು ಇದಕ್ಕಿಂತ ಸುಲಭವಾದ ಶಸ್ತ್ರಕ್ರಿಯೆ ಕಡಿಮೆ ಎಂಬರ್ಥದ ಮಾತನ್ನು 1929ರಲ್ಲಿ ಅವನೇ ಬರೆದ. ತಾನು ಬೆಳೆಸಿದ ವಿದ್ಯೆಯ ಬಗ್ಗೆ ಇಷ್ಟು ನಿಷ್ಠುರವಾಗಿ ಹೇಳಿದವರು ವಿರಳ.

ಬೆಳಕಿನ ಹುಡುಕಾಟ

ಆದುದರಿಂದ ಬೇಕಾಗಿದ್ದುದು ಹರಿತವಾದ ಚಾಕು ಅಲ್ಲ, ಬೆಳಕು. 1806ರಲ್ಲಿ ಜರ್ಮನಿಯ ಫಿಲಿಪ್ ಬೊಜ್ಜಿನಿ ಮೇಣದ ಬತ್ತಿಯ ಬೆಳಕನ್ನು ಕನ್ನಡಿಯಿಂದ ಪ್ರತಿಫಲಿಸಿ ದೇಹದ ಒಳಗೆ ಕಳುಹಿಸುವ ಸಾಧನವೊಂದನ್ನು ಮಾಡಿದ. ವಿಯೆನ್ನಾದ ವೈದ್ಯವಲಯ ಅದನ್ನು ಆದರಿಸಲಿಲ್ಲ. ಮೂರೇ ವರ್ಷಗಳಲ್ಲಿ, ತನ್ನ ಮೂವತ್ತೈದನೆಯ ವಯಸ್ಸಿನಲ್ಲಿ, ರೋಗಿಗಳಿಂದ ಹತ್ತಿದ ವಿಷಮಜ್ವರಕ್ಕೆ ಅವನು ಬಲಿಯಾದ. 1854ರಲ್ಲಿ ಲಂಡನ್ನಿನಲ್ಲಿದ್ದ ಮಾನ್ವೆಲ್ ಗಾರ್ಸಿಯ, ವೃತ್ತಿಯಿಂದ ಸಂಗೀತದ ಮೇಷ್ಟರು, ಹಲ್ಲಿನ ವೈದ್ಯರ ಪುಟ್ಟ ಕನ್ನಡಿ ಮತ್ತು ಬಿಸಿಲು ಇಷ್ಟರಿಂದಲೇ ತನ್ನ ಧ್ವನಿತಂತುಗಳನ್ನು ತಾನೇ ಕಂಡ. ಅದೇ ಉಪಾಯವನ್ನು ಚೆರ್ಮಾಕ್ ಎಂಬ ವೈದ್ಯ ಮೂಗಿನ ಹಿಂಭಾಗವನ್ನು ನೋಡಲು ಬಳಸಿದ. 1895ರಲ್ಲಿ ರಾಂಟ್‌ಗೆನ್ ಎಕ್ಸ್-ರೇಯನ್ನು ಕಂಡುಹಿಡಿದ ಮೇಲೆ ಗೂಡುಗಳ ನೆರಳಾದರೂ ಕಾಣತೊಡಗಿತು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಬರ್ಲಿನ್ನಿನ ಹಿರ್ಷ್‌ಮನ್, ಮೂತ್ರಕೋಶವನ್ನು ನೋಡುವ ದರ್ಶಕವನ್ನು ಸಣ್ಣದಾಗಿಸಿ, ಹಲ್ಲಿನ ಕುಳಿಯ ಮೂಲಕ ಕೆನ್ನೆಯ ಗೂಡಿನೊಳಗೆ ಇಣುಕಿದ. ಆದರೆ ಕಂಡದ್ದು ಮಬ್ಬು. ಕೊಳವೆಯ ತುದಿಯ ಪುಟ್ಟ ಬಲ್ಬು ಬಿಸಿಯಾಗುತ್ತಿತ್ತು.

ಈ ಮಬ್ಬನ್ನು ತೊಡೆದವನು ವೈದ್ಯನಲ್ಲ, ಬ್ರಿಟನ್ನಿನ ಭೌತವಿಜ್ಞಾನಿ ಹೆರಾಲ್ಡ್ ಹಾಪ್‌ಕಿನ್ಸ್. ಲಂಡನ್ನಿನ ಬಡ ಕುಟುಂಬದಲ್ಲಿ ಹುಟ್ಟಿ ವಿದ್ಯಾರ್ಥಿವೇತನದಿಂದ ಓದಿದವನು. 1954ರಲ್ಲಿ ಅವನೂ ಅವನ ಶಿಷ್ಯ, ಪಂಜಾಬಿನ ಮೋಗಾದಲ್ಲಿ ಹುಟ್ಟಿದ ನರೀಂದರ್ ಸಿಂಗ್ ಕಪಾನಿಯೂ ಕೂಡಿ, ಕೂದಲೆಳೆಯಂತಹ ಗಾಜಿನ ತಂತುಗಳ ಕಟ್ಟಿನ ಮೂಲಕ ಚಿತ್ರವನ್ನು ಸಾಗಿಸಬಹುದೆಂದು ತೋರಿಸಿದರು. ಇದರ ಫಲವಾಗಿ ಬಿಸಿಯಿಲ್ಲದ ಬೆಳಕನ್ನು ಹೊರಗಿನಿಂದ ದೇಹದೊಳಕ್ಕೆ ಒಯ್ಯುವುದು ಸಾಧ್ಯವಾಯಿತು. ಮುಂದೆ 1959ರಲ್ಲಿ ಹಾಪ್‌ಕಿನ್ಸ್ ಇನ್ನೊಂದು ಚಮತ್ಕಾರ ಮಾಡಿದ. ಹಳೆಯ ದರ್ಶಕದಲ್ಲಿ ಉದ್ದಕ್ಕೂ ಗಾಳಿ, ನಡುನಡುವೆ ಸಣ್ಣ ಮಸೂರಗಳು. ಇವನು ಅದನ್ನು ತಿರುವುಮುರುವಾಗಿಸಿದ: ಉದ್ದಕ್ಕೂ ಗಾಜಿನ ಸರಳುಗಳು, ನಡುನಡುವೆ ತೆಳ್ಳಗಿನ ಗಾಳಿಯ ಸಂದು. ಬೆಳಕು ಹಲವು ಪಟ್ಟು ಹೆಚ್ಚಿತು, ಚಿತ್ರ ನಿಚ್ಚಳವಾಯಿತು. ಜರ್ಮನಿಯ ಟುಟ್ಲಿಂಗೆನ್ನಿನ ಸಲಕರಣೆ ತಯಾರಕ ಕಾರ್ಲ್ ಸ್ಟಾರ್ಜ್ 1960ರ ದಶಕದಲ್ಲಿ ಇದರ ಬೆಲೆಯನ್ನರಿತು ತಯಾರಿಕೆಗೆ ತೊಡಗಿದ. ಇಂದು ಮೂಗಿನೊಳಗೆ ಹೋಗುವ ಎಂಡೋಸ್ಕೋಪು ಸಾಮಾನ್ಯವಾಗಿ 4 ಮಿಲಿಮೀಟರ್ ದಪ್ಪದ, ಸೀಸದ ಕಡ್ಡಿಗಿಂತಲೂ ಸಣ್ಣದಾದ ಕೊಳವೆ. ನೇರವಾಗಿ ನೋಡುವುದು ಒಂದು. 30, 45, 70 ಡಿಗ್ರಿ ಓರೆಯಾಗಿ ಮೂಲೆಯಾಚೆ ನೋಡುವವು ಬೇರೆ.

ಗ್ರಾಜ್ ನಗರದ ಪಾಠ

ಕಾಣುವುದು ಬೇರೆ, ಕಂಡದ್ದನ್ನು ಅರಿಯುವುದು ಬೇರೆ. ಆಸ್ಟ್ರಿಯಾದ ಎಮಿಲ್ ಜುಕರ್‌ಕಾಂಡ್ಲ್ 1882ರಲ್ಲಿ ಮೂಗು ಮತ್ತು ಅದರ ಗೂಡುಗಳ ರಚನೆಯನ್ನು ಇಂಚಿಂಚಾಗಿ ವಿವರಿಸುವ ಗ್ರಂಥವನ್ನು ಪ್ರಕಟಿಸಿದ್ದ. ಅಮೆರಿಕದ ಆಂಡರ್ಸನ್ ಹಿಲ್ಡಿಂಗ್ 1930ರ ದಶಕದಲ್ಲಿ ಲೋಮಾಂಗಗಳು ಲೋಳೆಯನ್ನು ಗೊತ್ತಾದ ದಾರಿಯಲ್ಲಿಯೇ ಸಾಗಿಸುತ್ತವೆ ಎಂದು ತೋರಿಸಿದ. ಜುಕರ್‌ಕಾಂಡ್ಲ್ ಕೆಲವು ವರ್ಷ ಪಾಠ ಹೇಳಿದ್ದ ಗ್ರಾಜ್ ನಗರದಲ್ಲಿಯೇ, ಎರಡನೆಯ ಮಹಾಯುದ್ಧದ ನಂತರದ ದಶಕಗಳಲ್ಲಿ, ವಾಲ್ಟರ್ ಮೆಸ್ಸರ್‌ಕ್ಲಿಂಗರ್ ಎಂಬ ವೈದ್ಯ ಈ ಎರಡು ಎಳೆಗಳನ್ನೂ ಹೊಸೆದ. ಆಗತಾನೆ ತೀರಿಕೊಂಡವರ ದೇಹದಲ್ಲಿಯೂ ಲೋಮಾಂಗಗಳು ಕೆಲವು ಗಂಟೆಗಳ ಕಾಲ ಬೀಸುತ್ತಲೇ ಇರುತ್ತವೆ. ಗೂಡಿನೊಳಗೆ ಗುರುತಿನ ಕಣಗಳನ್ನಿಟ್ಟು ಅವು ಸಾಗುವ ದಾರಿಯನ್ನು ಅವನು ತಾಳ್ಮೆಯಿಂದ ಗಮನಿಸಿದ.

ಕಂಡುಬಂದದ್ದು ಇದು: ಗೂಡಿನ ತಳದಲ್ಲಿ ಎಷ್ಟು ದೊಡ್ಡ ಕಿಂಡಿ ಕೊರೆದರೂ ಲೋಳೆಯು ಅದನ್ನು ದಾಟಿಕೊಂಡು ಹೋಗಿ, ಮೇಲಿರುವ ತನ್ನ ಹುಟ್ಟುಬಾಯಿಯನ್ನೇ ಹುಡುಕುತ್ತದೆ. ಹಾಗಿದ್ದಲ್ಲಿ ಕಾಲ್ಡ್‌ವೆಲ್–ಲ್ಯೂಕ್ ಕಿಂಡಿಯಿಂದ ಬಹುಮಟ್ಟಿಗೆ ಗಾಳಿ ಆಡೀತೇ ಹೊರತು ಲೋಳೆ ಹರಿಯದು. ಎರಡನೆಯ ಸಂಗತಿ ಇನ್ನೂ ಮುಖ್ಯ. ಕೆನ್ನೆ ಮತ್ತು ಹಣೆಯ ಗೂಡುಗಳ ಬಾಯಿಗಳು ತೆರೆಯುವುದು ಮೂಗಿನ ನಡುಸುರುಳಿ ಎಲುಬಿನ ಮರೆಯಲ್ಲಿರುವ ಒಂದು ಇಕ್ಕಟ್ಟಾದ ಓಣಿಗೆ, ಜರಡಿ ಕೋಶಗಳ ಮುಂಭಾಗದ ಬಳಿ. ಅಲ್ಲಿ ಪೊರೆಗೆ ಪೊರೆ ತಾಗಿ ಊತ ಬಂದರೆ ದೊಡ್ಡ ಗೂಡುಗಳೆರಡೂ ಕೊಳೆಯತೊಡಗುತ್ತವೆ. ರೋಗ ಕಾಣಿಸಿಕೊಳ್ಳುವುದು ಕೆನ್ನೆಯಲ್ಲಿ, ಹಣೆಯಲ್ಲಿ. ಅದರ ಬೇರು ಇರುವುದು ಆ ಓಣಿಯಲ್ಲಿ.

ನಮ್ಮ ಕಡೆಯ ಅಡಿಕೆ ಬೆಳೆಗಾರರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ. ತೋಟದ ಕಣಿ ಕಟ್ಟಿದರೆ ಮೇಲಿನ ಸಾಲಿನ ಮರಗಳ ಬುಡದಲ್ಲಿ ನೀರು ನಿಂತು ಬೇರು ಕೊಳೆಯುತ್ತದೆ. ಆಗ ಮರ ಕಡಿಯುವವನು ಬೆಳೆಗಾರನಲ್ಲ. ಕಣಿಯ ಕಸ ತೆಗೆದರೆ ನೀರು ಇಳಿಯುತ್ತದೆ, ಮರ ತಾನಾಗಿ ಚೇತರಿಸಿಕೊಳ್ಳುತ್ತದೆ. ಮೆಸ್ಸರ್‌ಕ್ಲಿಂಗರ್ ಹೇಳಿದ್ದೂ ಅದನ್ನೇ. ಓಣಿಯ ಅಡ್ಡಿಯನ್ನು ಮಾತ್ರ ಸಣ್ಣ ಸಲಕರಣೆಯಿಂದ ಬಿಡಿಸಿದರೆ, ಕೆಟ್ಟುಹೋಯಿತೆಂದು ಹಿಂದಿನವರು ಕೆರೆದು ಎಸೆಯುತ್ತಿದ್ದ ಪೊರೆಯೇ ಮರಳಿ ಆರೋಗ್ಯ ಪಡೆಯುತ್ತದೆ. 1978ರಲ್ಲಿ ಅವನ ‘ಮೂಗಿನ ಎಂಡೋಸ್ಕೋಪಿ’ ಕುರಿತ ಇಂಗ್ಲಿಷ್ ಗ್ರಂಥ ಹೊರಬಂತು. ಅವನ ಶಿಷ್ಯ ಹೈನ್ಸ್ ಸ್ಟಾಮ್‌ಬರ್ಗರ್ ಈ ವಿದ್ಯೆಯನ್ನು ದೇಶದೇಶಗಳಿಗೆ ಹೊತ್ತು ಸಾಗಿದ. ಅಮೆರಿಕದ ಬಾಲ್ಟಿಮೋರಿನಲ್ಲಿದ್ದ ಡೇವಿಡ್ ಕೆನಡಿ 1985ರಲ್ಲಿ ಇದಕ್ಕೆ ‘ಫಂಕ್ಷನಲ್ ಎಂಡೋಸ್ಕೋಪಿಕ್ ಸೈನಸ್ ಸರ್ಜರಿ’ ಎಂಬ ಹೆಸರು ಕೊಟ್ಟ. ವೈದ್ಯರು ಚುಟುಕಾಗಿ ‘ಫೆಸ್’ ಎನ್ನುವುದು ಇದನ್ನೇ. ಹೆಸರಿನ ಮೊದಲ ಪದವೇ ಅದರ ಜೀವಾಳ. ಅಂಗವನ್ನು ಕೀಳುವುದಲ್ಲ, ಅದರ ಕೆಲಸವನ್ನು ಮರಳಿ ನಡೆಯುವಂತೆ ಮಾಡುವುದು ಗುರಿ.

ಇದೇ ಹೊತ್ತಿಗೆ ಇನ್ನೊಂದು ಕಣ್ಣೂ ತೆರೆದಿತ್ತು. ಹೌನ್ಸ್‌ಫೀಲ್ಡ್ ರೂಪಿಸಿದ ಸಿ.ಟಿ. ಸ್ಕ್ಯಾನ್ ಯಂತ್ರದಿಂದ ಮೊದಲ ರೋಗಿಯ ತಲೆಯ ಚಿತ್ರ ತೆಗೆದದ್ದು 1971ರಲ್ಲಿ, ಲಂಡನ್ನಿನಲ್ಲಿ. 1979ರಲ್ಲಿ ಅವನಿಗೂ ಕಾರ್ಮಾಕ್‌ಗೂ ನೊಬೆಲ್ ಪ್ರಶಸ್ತಿ ಬಂತು. ಎಂಡೋಸ್ಕೋಪು ಒಳಗಿನ ಮೇಲ್ಮೈಯನ್ನು ತೋರಿಸಿದರೆ, ಸಿ.ಟಿ. ಗೋಡೆಯಾಚೆ ಏನಿದೆ ಎಂಬುದನ್ನು ಮೊದಲೇ ಹೇಳುತ್ತದೆ. ಶಸ್ತ್ರವೈದ್ಯನಿಗೆ ಇದು ಊರಿನ ನಕ್ಷೆ ಇದ್ದಂತೆ. ಒಬ್ಬೊಬ್ಬರ ಮುಖದ ಒಳಗಿನ ಊರು ಒಂದೊಂದು ಬಗೆ. ವಾಸನೆಯ ನರಗಳು ಇಳಿಯುವ ಮಾಡಿನ ತಗ್ಗು ಎಷ್ಟು ಆಳ ಎಂಬುದನ್ನು ಕೆರೋಸ್ ಎಂಬವನು 1962ರಲ್ಲಿಯೇ ಅಳೆದು ಮೂರು ವರ್ಗ ಮಾಡಿದ್ದ: 1ರಿಂದ 3 ಮಿಲಿಮೀಟರ್, 4ರಿಂದ 7, 8ರಿಂದ 16. ತಗ್ಗು ಆಳವಾದಷ್ಟೂ ಪಕ್ಕದ ತೆಳುಗೋಡೆ ಉದ್ದ, ಸಲಕರಣೆ ಜಾರಿ ಮಿದುಳಿಗೆ ತಾಗುವ ಭಯ ಹೆಚ್ಚು. ಶಸ್ತ್ರಕ್ರಿಯೆಗೆ ಮುನ್ನ ಸಿ.ಟಿ. ಏಕೆ ಎಂದು ಕೇಳುವವರಿಗೆ ಇದೇ ಉತ್ತರ.

ಹೆಸರಿಡುವ ವಿದ್ಯೆ

ರೋಗವನ್ನು ವರ್ಗೀಕರಿಸುವುದು ಪಂಡಿತರ ಕಾಲಹರಣವಲ್ಲ. ಹೆಸರು ತಪ್ಪಿದರೆ ಮದ್ದೂ ತಪ್ಪುತ್ತದೆ. ಮೂಗಿನ ಪೊರೆಯೂ ಗೂಡಿನ ಪೊರೆಯೂ ಒಂದೇ ಆದುದರಿಂದ ಇಂದು ವೈದ್ಯರು ಎರಡನ್ನೂ ಸೇರಿಸಿ ‘ರೈನೋಸೈನಸೈಟಿಸ್’ ಎನ್ನುತ್ತಾರೆ. 1997ರಲ್ಲಿ ಅಮೆರಿಕದ ತಜ್ಞರು ಕಾಲಮಾನದಿಂದ ಇದನ್ನು ವಿಂಗಡಿಸಿದರು: 4 ವಾರಗಳೊಳಗೆ ವಾಸಿಯಾಗುವುದು ತೀವ್ರ, 12 ವಾರ ದಾಟಿದರೆ ದೀರ್ಘಕಾಲಿಕ, ನಡುವಿನದು ಉಪತೀವ್ರ. ಯುರೋಪಿನವರು 12 ವಾರವೊಂದನ್ನೇ ಗಡಿಯಾಗಿಟ್ಟು, ದೀರ್ಘಕಾಲಿಕವನ್ನು ಪಾಲಿಪ್ ಇರುವುದು, ಇಲ್ಲದಿರುವುದು ಎಂದು ಎರಡಾಗಿಸಿದರು. 2020ರ ಅವರ ಕೈಪಿಡಿಯಲ್ಲಿ ಉರಿಯೂತದ ಬಗೆಯನ್ನು ಆಧರಿಸಿದ ಹೊಸ ವಿಂಗಡಣೆ ಬಂದಿದೆ. 1993ರಲ್ಲಿ ಬ್ರಿಟನ್ನಿನ ಲುಂಡ್ ಮತ್ತು ಮೆಕೇ ಸಿ.ಟಿ. ಚಿತ್ರಕ್ಕೆ ಅಂಕ ಕೊಡುವ ಕ್ರಮ ಹಾಕಿದರು. ಗೂಡು ಸ್ವಚ್ಛವಾಗಿದ್ದರೆ 0, ಪೂರ್ತಿ ತುಂಬಿದ್ದರೆ 2. ಎರಡೂ ಬದಿ ಸೇರಿ ಒಟ್ಟು 24. ಇಲ್ಲಿ ಹೆಚ್ಚು ಅಂಕ ಬಂದವರು ಸಂತೋಷಪಡಬೇಕಾಗಿಲ್ಲ. ಗೂಡಿನ ಸೋಂಕು ಕಣ್ಣಿಗೆ ಹಬ್ಬುವುದನ್ನು 1970ರಲ್ಲಿ ಚಾಂಡ್ಲರ್ ಐದು ಹಂತಗಳಲ್ಲಿ ವರ್ಣಿಸಿದ. ಮೊದಲನೆಯದು ರೆಪ್ಪೆಯ ಊತ, ಐದನೆಯದು ಮಿದುಳಿನ ತಳದ ರಕ್ತನಾಳ ಹೆಪ್ಪುಗಟ್ಟುವುದು. ನೆಗಡಿಯಿರುವ ಮಗುವಿನ ಕಣ್ಣು ಊದಿದರೆ ‘ನಾಳೆ ನೋಡೋಣ’ ಎನ್ನಬಾರದು ಎಂಬುದು ಈ ಪಟ್ಟಿಯ ತಾತ್ಪರ್ಯ.

ಈ ವಿಂಗಡಣೆಗಳಿಂದ ಜನಸಾಮಾನ್ಯರಿಗೆ ತಿಳಿಯಬೇಕಾದ್ದು ಎರಡು. ಬಹುಪಾಲು ನೆಗಡಿಗೆ ಶಸ್ತ್ರಕ್ರಿಯೆಯೂ ಬೇಡ, ಆಂಟಿಬಯೋಟಿಕ್ಕೂ ಬೇಡ. ದೀರ್ಘಕಾಲಿಕವಾದುದಕ್ಕೂ ಮೊದಲ ಚಿಕಿತ್ಸೆ ಉಪ್ಪುನೀರಿನಿಂದ ಮೂಗು ತೊಳೆಯುವುದು ಮತ್ತು ವೈದ್ಯರು ಕೊಡುವ ಸ್ಪ್ರೇ. ತೊಳೆಯುವ ನೀರು ಕುದಿಸಿ ಆರಿಸಿದ್ದಾಗಿರಬೇಕು. ಬಾವಿಯ ನೀರನ್ನು ನೇರವಾಗಿ ಮೂಗಿಗೆ ಏರಿಸಬಾರದು. ಇವುಗಳಿಂದ ಗುಣವಾಗದಿದ್ದರೆ ಮಾತ್ರ ಎಂಡೋಸ್ಕೋಪಿನ ಮಾತು. ಶಸ್ತ್ರಕ್ರಿಯೆಯಾದ ಮೇಲೂ ಸ್ಪ್ರೇ ನಿಲ್ಲಿಸದೆ ಮುಂದುವರಿಸಬೇಕಾಗಬಹುದು. ಪಾಲಿಪ್ ಮರಳಿ ಬೆಳೆಯುವುದುಂಟು.

2021ರ ಪರೀಕ್ಷೆ

ಈ ವಿದ್ಯೆ ನಮ್ಮ ದೇಶದಲ್ಲಿ ಅತಿ ಕಠಿಣವಾದ ಪರೀಕ್ಷೆಗೆ ಒಡ್ಡಿಕೊಂಡದ್ದು 2021ರಲ್ಲಿ. ಕೊರೋನಾದ ಎರಡನೆಯ ಅಲೆಯಲ್ಲಿ ಬದುಕಿ ಬಂದವರಿಗೆ, ವಿಶೇಷವಾಗಿ ಸಕ್ಕರೆ ಕಾಯಿಲೆ ಹತೋಟಿಯಲ್ಲಿಲ್ಲದೆ ಸ್ಟೀರಾಯ್ಡ್ ಪಡೆದವರಿಗೆ, ಮ್ಯೂಕರ್ ಶಿಲೀಂಧ್ರ ತಗುಲಿತು. ಜನ ಇದನ್ನು ‘ಕಪ್ಪು ಶಿಲೀಂಧ್ರ’ವೆಂದರು. ಅದು ಮೂಗಿನಿಂದ ಗೂಡುಗಳಿಗೆ, ಅಲ್ಲಿಂದ ಕಾಗದದಂತಹ ಗೋಡೆ ದಾಟಿ ಕಣ್ಣಿಗೆ, ಮತ್ತೆ ಮಿದುಳಿಗೆ ಕೆಲವೇ ದಿನಗಳಲ್ಲಿ ಸಾಗುತ್ತಿತ್ತು. ಆ ಜೂನ್ ಮುಗಿಯುವುದರೊಳಗೆ ದೇಶದಲ್ಲಿ 40 ಸಾವಿರಕ್ಕೂ ಮಿಕ್ಕಿ ಪ್ರಕರಣಗಳು ಲೆಕ್ಕಕ್ಕೆ ಸಿಕ್ಕಿದ್ದವು. ಆಂಫೊಟೆರಿಸಿನ್ ಎಂಬ ಔಷಧಕ್ಕೆ ಹಾಹಾಕಾರವೆದ್ದಿತು. ಔಷಧವಿದ್ದರೂ ಸಾಲದು; ರಕ್ತ ಹರಿಯದೆ ಸತ್ತ ಭಾಗವನ್ನು ತೆಗೆಯದೆ ಅದು ತಲುಪಬೇಕಾದಲ್ಲಿಗೆ ತಲುಪದು. ಕಿವಿ-ಮೂಗು-ಗಂಟಲಿನ ವೈದ್ಯರು ರಕ್ಷಾಕವಚ ತೊಟ್ಟು, ಎಂಡೋಸ್ಕೋಪು ಹಿಡಿದು ಹಗಲಿರುಳು ದುಡಿದರು. ಇಲ್ಲಿ ಅವರು ಮೆಸ್ಸರ್‌ಕ್ಲಿಂಗರನ ಮಿತವ್ಯಯವನ್ನು ಬದಿಗಿಟ್ಟು, ಹಳೆಯವರಂತೆ ಸತ್ತದ್ದನ್ನೆಲ್ಲ ತೆಗೆಯಬೇಕಾಯಿತು; ಎಷ್ಟೋ ಮಂದಿಯ ಕಣ್ಣನ್ನೂ ತೆಗೆಯಬೇಕಾಯಿತು. ಬೇಗ ಬಂದವರು ಉಳಿದರು. ಕೆನ್ನೆ ಜೋಮು ಹಿಡಿದುದನ್ನು, ಮೂಗಿನಿಂದ ಕಪ್ಪು ಹೆಕ್ಕಳೆ ಬಂದುದನ್ನು, ಒಂದು ವಸ್ತು ಎರಡಾಗಿ ಕಂಡುದನ್ನು ಅಪಾಯದ ಸೂಚನೆಯೆಂದು ತಿಳಿದವರು ಬೇಗ ಬಂದರು.

ಗಡಿನಾಡಿನ ನಮಗೆ

ತಿಳಿವಳಿಕೆಯ ಮಾತು ಬಂದಾಗ ಗಡಿನಾಡಿನವರಾದ ನಮ್ಮ ಸ್ಥಿತಿ ವಿಶೇಷವಾದುದು. ಕಾಸರಗೋಡಿನ ಕನ್ನಡಿಗರು ದೊಡ್ಡ ಕಾಯಿಲೆಗೆ ತಲೆಮಾರುಗಳಿಂದ ಮಂಗಳೂರಿಗೆ ಹೋಗುತ್ತ ಬಂದವರು. 2020ರ ಮಾರ್ಚ್ ಕೊನೆಯಲ್ಲಿ ತಲಪಾಡಿಯ ಗಡಿ ಮುಚ್ಚಿದಾಗ ಆ ದಾರಿ ಎಷ್ಟು ಸಪೂರವಾದುದೆಂದು ನಮಗೆ ಅರಿವಾಯಿತು. ಆಸ್ಪತ್ರೆ ತಲುಪಲಾಗದೆ ಪ್ರಾಣ ಕಳೆದುಕೊಂಡವರ ಸುದ್ದಿ ಅಂದಿನ ಪತ್ರಿಕೆಗಳಲ್ಲಿತ್ತು, ವಿಷಯ ಸರ್ವೋಚ್ಚ ನ್ಯಾಯಾಲಯದವರೆಗೂ ಹೋಯಿತು. ಈಚೆ ಬದಿಯ ಆಸ್ಪತ್ರೆಯಲ್ಲಿ ಫಲಕ ಮಲೆಯಾಳದಲ್ಲಿ, ಆಚೆ ಬದಿಯಲ್ಲಿ ಮಾತು ತುಳುವಿನಲ್ಲೋ ಕನ್ನಡದಲ್ಲೋ. ಎರಡೂ ಕಡೆ ಸ್ಕ್ಯಾನ್ ವರದಿಯೂ ಒಪ್ಪಿಗೆಯ ಪತ್ರವೂ ಇಂಗ್ಲಿಷಿನಲ್ಲಿ. ಕನ್ನಡ ಮಾಧ್ಯಮದಲ್ಲಿ ಹತ್ತನೆಯ ತರಗತಿ ಓದಿದ ತಾಯಿಯೊಬ್ಬಳು ಮಗನ ವರದಿ ಹಿಡಿದು ನಿಂತಾಗ, ಅವಳ ಓದು ಅವಳ ನೆರವಿಗೆ ಬಾರದೆ ಹೋದರೆ ಅದು ಅವಳ ಕೊರತೆಯಲ್ಲ. ಕನ್ನಡವನ್ನು ಕಥೆ-ಕವಿತೆಗೆ ಮೀಸಲಿಟ್ಟ ನಮ್ಮೆಲ್ಲರ ಕೊರತೆ.

ಆದುದರಿಂದ ಸಂಘದ ಮುಂದೆ ಒಂದು ಸೂಚನೆಯನ್ನಿಡುತ್ತೇವೆ. ಸಮ್ಮೇಳನದ ಗೋಷ್ಠಿಗಳಲ್ಲಿ ವರ್ಷಕ್ಕೊಂದು ವೈದ್ಯಗೋಷ್ಠಿ ಇರಲಿ. ನಮ್ಮ ಶಾಲೆಗಳಲ್ಲಿ ಓದಿ ವೈದ್ಯರಾದ ಮಕ್ಕಳು ಗಡಿಯ ಎರಡೂ ಬದಿ ಇದ್ದಾರೆ. ಅವರನ್ನು ಕರೆದು ಒಂದೊಂದು ಅಂಗ, ಒಂದೊಂದು ರೋಗ, ಒಂದೊಂದು ಶಸ್ತ್ರಕ್ರಿಯೆಯ ಕುರಿತು ಕನ್ನಡದಲ್ಲಿ ಹೇಳಿಸೋಣ, ಅದನ್ನು ಸಣ್ಣ ಪುಸ್ತಿಕೆಯಾಗಿ ಮನೆಮನೆಗೆ ಮುಟ್ಟಿಸೋಣ. ರೋಗಿಯು ವೈದ್ಯರ ಮುಂದೆ ಕುಳಿತಾಗ ಮೂರು ಪ್ರಶ್ನೆ ಕೇಳುವಷ್ಟಾದರೂ ಬಲ್ಲವನಾಗಲಿ: ಮದ್ದಿನಿಂದ ವಾಸಿಮಾಡುವ ಪ್ರಯತ್ನ ಪೂರ್ತಿಯಾಗಿದೆಯೇ? ಸಿ.ಟಿ.ಯಲ್ಲಿ ಕಣ್ಣು-ಮಿದುಳಿನ ಗೋಡೆಗಳು ಹೇಗಿವೆ? ಶಸ್ತ್ರಕ್ರಿಯೆಯ ನಂತರ ಏನೇನು ಮಾಡಬೇಕು? ಈ ಮೂರು ಪ್ರಶ್ನೆಗೆ ಬೇಸರಿಸುವ ಒಳ್ಳೆಯ ವೈದ್ಯರಿಲ್ಲ.

ಹಕ್ಕಿಯ ಗರಿ ಹಿಡಿದು ಹೆದರಿ ಬಂದ ಹೆಂಗಸಿಗೆ ಹೈಮೋರ್ ಮಾಡಿದ ಪಾಠ ಅವಳ ಮಾತಿನಲ್ಲಿಯೇ ನಡೆದಿರಬೇಕು. ಅವನು ಪುಸ್ತಕ ಬರೆದದ್ದು ಲ್ಯಾಟಿನ್ನಿನಲ್ಲಾದರೂ. ಶಾಸ್ತ್ರ ಯಾವ ಭಾಷೆಯಲ್ಲಿ ಹುಟ್ಟಿದರೂ ಧೈರ್ಯ ಬರುವುದು ಮನೆಮಾತಿನಲ್ಲಿ. ಸಮ್ಮೇಳನಕ್ಕೆ ಬಂದ ಎಲ್ಲ ಬಂಧುಗಳಿಗೂ ಆರೋಗ್ಯಭಾಗ್ಯವನ್ನು ಹಾರೈಸುತ್ತೇವೆ.